ಭಾಮೈದನ ಎಡಭುಜ

"ನಿಜ ಹೇಳಿ ಭಾವ, ಅಕ್ಕ ತಾನೇ ನಿಮಗೆ ನನ್ನ ಗುಟ್ಟು ಹೇಳಿಕೊಡ್ತಿರೋದು?"

ಅಂಚೆ ಕಚೇರಿಯ ಹಾಕಿ ತಂಡದ ಗೋಲ್‌ಕೀಪರ್ ಕಾಲಿನ ಪ್ಯಾಡ್ ಬಿಗಿಯುತ್ತ ತಲೆ ಎತ್ತಲಿಲ್ಲ. ಎದುರಿಗೆ ನಿಂತವನು ಹೆಂಡತಿಯ ತಮ್ಮ, ಬ್ಯಾಂಕ್ ತಂಡದ ಮುಂಚೂಣಿ ಆಟಗಾರ. ಫೈನಲ್ ಪಂದ್ಯದ ಈಗಷ್ಟೇ ಮುಗಿದ ಮೊದಲರ್ಧದಲ್ಲಿ ಅವನು ಹೊಡೆದದ್ದನ್ನೆಲ್ಲ ಭಾವ ತಡೆದಿದ್ದ.

ಭಾವ: ನಾನು ಗೋಲಿನ ಮುಂದೆ ನಿಲ್ತೀನೋ ಹಿಂದೆ ನಿಲ್ತೀನೋ ಅನ್ನೋದೇ ನಿಮ್ಮಕ್ಕನಿಗೆ ಗೊತ್ತಿಲ್ಲ.

ಭಾಮೈದ: ಮತ್ತೆ ನಾನು ಹೊಡೆಯೋಕೆ ಮುಂಚೆಯೇ ಹೇಗೆ ಹಾರ್ತೀರಿ?

ಭಾವ: ಹೊಡೆದ ಮೇಲೆ ಹಾರಿದರೆ ಬಲೆಯಿಂದ ಚೆಂಡು ಹೆಕ್ಕೋದೇ ಕೆಲಸ. ನಾನು ನೋಡೋದು ನಿನ್ನ ಎಡಭುಜ.

ಭಾಮೈದ: ಭುಜಕ್ಕೇನಾಗಿದೆ?

ಭಾವ: ಬಾಯಿಬಡುಕ ಭುಜ ಕಣೋ ಅದು. ಬೇಗ ತಿರುಗಿದರೆ ಚೆಂಡು ನನ್ನ ಬಲಕ್ಕೆ. ತಿರುಗದೆ ನಿಂತರೆ ಎಡಕ್ಕೆ. ಮೈ ಹಿಂದಕ್ಕೆ ವಾಲಿದರೆ ಎತ್ತರಕ್ಕೆ.

ಭಾಮೈದ: ಎದುರಾಳಿಗೆ ಯಾಕೆ ಇದನ್ನೆಲ್ಲ ಹೇಳ್ತಿದ್ದೀರಿ?

ಭಾವ: ಎದುರಾಳಿ ಅಂತಲ್ಲ, ಮನೆಯವನು ಅಂತ.

ಬಾಯಲ್ಲಿ ಹಾಗಂದರೂ ಮನಸ್ಸಿನ ಲೆಕ್ಕ ಬೇರೆ. ಯಾವ ಕಾಲು ಮೊದಲು ಇಡ್ತೀ ಎಂದು ಕೇಳಿಸಿಕೊಂಡವನು ಎಡವದೆ ನಡೆದಾನೆಯೇ? ಭಾವನ ಮಂಡಿ ಇತ್ತೀಚೆಗೆ ಮಾತು ಕೇಳುತ್ತಿರಲಿಲ್ಲ. ಇದೇ ಅವನ ಕೊನೆಯ ಪಂದ್ಯ. ಕಪ್ ಎತ್ತಿಯೇ ಪ್ಯಾಡ್ ಬಿಚ್ಚಬೇಕೆಂಬ ಆಸೆ.

ಲೆಕ್ಕ ಫಲಿಸಿತು. ಎರಡನೆಯ ಅರ್ಧವಿಡೀ ಭಾಮೈದ ಭುಜವನ್ನು ಕಿವಿಗೆ ಅಂಟಿಸಿಕೊಂಡೇ ಓಡಾಡಿದ. ಅವನು ಹೊಡೆದದ್ದು ಒಂದೂ ಗೋಲಿನ ಹತ್ತಿರ ಸುಳಿಯಲಿಲ್ಲ. ಎರಡೂ ಕಡೆ ಗೋಲಿಲ್ಲದೆ ಆಟ ಇನ್ನೇನು ಮುಗಿಯಬೇಕು, ಅಷ್ಟರಲ್ಲಿ ಅಂಚೆಯವನೊಬ್ಬ ಗೋಲಿನ ಗೆರೆಯ ಮೇಲೆ ಚೆಂಡಿಗೆ ಕಾಲು ಅಡ್ಡ ಕೊಟ್ಟ. ಹಾಕಿಯಲ್ಲಿ ಅದು ತಪ್ಪು. ಬ್ಯಾಂಕ್ ತಂಡಕ್ಕೆ ಪೆನಾಲ್ಟಿ ಸ್ಟ್ರೋಕ್, ಒಂದೇ ಹೊಡೆತ. ಉಳಿದವರೆಲ್ಲ ದೂರ ಸರಿದರು. ಭಾವ, ಭಾಮೈದ ಇಬ್ಬರೇ ಎದುರುಬದುರು.

ಭಾಮೈದನ ಭುಜ ತಿರುಗಿತು. ಭಾವ ಬಲಕ್ಕೆ ಹಾರಿದ. ಅದೇ ಗಳಿಗೆಯಲ್ಲಿ ಭುಜದ ನೆನಪಾಗಿ ಭಾಮೈದ ಅದನ್ನು ಹಿಂದಕ್ಕೆಳೆದುಕೊಂಡ. ಕೋಲು ಚೆಂಡಿನ ಮಗ್ಗುಲನ್ನಷ್ಟೇ ಸವರಿತು. ಚೆಂಡು ದಾರಿ ಕೇಳಿಕೊಂಡು ಹೋಗುವ ಮುದುಕಿಯಂತೆ ನಿಧಾನವಾಗಿ ಭಾವನ ಎಡಗಡೆಯ ಮೂಲೆಯತ್ತ ಉರುಳಿತು. ನೆಲದ ಮೇಲೆ ಬಿದ್ದಿದ್ದ ಭಾವ, ಅದು ಗೆರೆ ದಾಟುವವರೆಗೂ ಕಣ್ಣಾರೆ ನೋಡಿದ.

ಗೆದ್ದವರ ಕೂಗಾಟ ಮುಗಿದ ಮೇಲೆ ಭಾಮೈದ ಬಂದು ಕೈಹಿಡಿದು ಎಬ್ಬಿಸಿದ.

ಭಾಮೈದ: ಬೇಜಾರಾ ಭಾವ?

ಭಾವ: ಅದಿರಲಿ. ನಿಜ ಹೇಳು, ಎತ್ತ ಹೊಡೀಬೇಕು ಅಂತಿದ್ದೆ?

ಭಾಮೈದ: (ತಲೆ ಕೆರೆದುಕೊಂಡು) ನಿಮ್ಮ ಬಲಕ್ಕೇ.

ಭಾವ: ಹಾಗಾದರೆ ನೀನು ಹೊಡೆದ ಚೆಂಡನ್ನ ನಾನು ತಡೆದೆ. ಒಳಗೆ ಹೋಗಿದ್ದು ಯಾರದೋ, ನನಗೆ ಗೊತ್ತಿಲ್ಲ.