ಮುಖ ನೋಡಬೇಡಿ, ಚೀಟಿ ನೋಡಿ

ಸಾಯಲು ಯಾರೂ ಒಪ್ಪಲಿಲ್ಲ. ತೊಂದರೆ ಶುರುವಾದದ್ದೇ ಅಲ್ಲಿಂದ.

ನಿಜವಾಗಿ ಸಾಯಬೇಕಾಗಿರಲಿಲ್ಲ. ಹನ್ನೊಂದು ಗಂಟೆಯಿಂದ ಹನ್ನೆರಡರವರೆಗೆ, ಕುತ್ತಿಗೆಗೆ ಒಂದು ಕರಿ ಚೀಟಿ ನೇತುಹಾಕಿಕೊಂಡು ಮೂರನೆಯ ಮಹಡಿಯ ಕಾರಿಡಾರಿನಲ್ಲಿ ಅಂಗಾತ ಮಲಗಿದರೆ ಸಾಕಿತ್ತು. ದಾಖಲೆ ಕಚೇರಿಯಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ಕೂತಲ್ಲೇ ಮಿಸುಕದೆ ಇರುವವರು ಬೇಕಾದಷ್ಟು ಮಂದಿ ಇದ್ದರು. ಆದರೆ ಚೀಟಿಯ ಮೇಲೆ ‘ಮೃತ’ ಎಂದು ಬರೆದದ್ದನ್ನು ನೋಡಿದ್ದೇ ತಡ, ಎಲ್ಲರೂ ಕೈ ಹಿಂದಕ್ಕೆ ಎಳೆದುಕೊಂಡರು.

ಆ ಚೀಟಿ ಹಿಡಿದು ಮೇಜಿನಿಂದ ಮೇಜಿಗೆ ಅಲೆಯುತ್ತಿದ್ದವನು ಜೋಪಾನಪ್ಪ. ಅದು ಅವನ ಹೆಸರಲ್ಲ. ಮೆಟ್ಟಿಲು ಇಳಿಯುವವರಿಗೆಲ್ಲ ‘ಜೋಪಾನ, ಜೋಪಾನ’ ಎನ್ನುತ್ತಿದ್ದನೆಂದು ಕಚೇರಿಯವರೇ ಇಟ್ಟದ್ದು. ಹನ್ನೆರಡು ವರ್ಷ ರವಾನೆ ವಿಭಾಗದಲ್ಲಿ ಲಕೋಟೆಗಳಿಗೆ ಅಂಟು ಹಚ್ಚಿದ ಹಂಗಾಮಿ ನೌಕರ. ಆ ವಿಭಾಗ ಮುಚ್ಚುವ ಸುದ್ದಿ ಬಂದಾಗ ಅವನ ಭಾವ, ಕಾಗದ ಕಳಿಸುವುದು ನಿಂತರೂ ಅನಾಹುತ ನಿಲ್ಲುವುದಿಲ್ಲ, ಆ ಕಸುಬು ಹಿಡಿ ಎಂದು ಸಲಹೆ ಕೊಟ್ಟ. ಜೋಪಾನಪ್ಪ ಸಂಜೆ ತರಗತಿಗೆ ಸೇರಿ ತುರ್ತು ಯೋಜನೆಯ ಪ್ರಮಾಣಪತ್ರ ಸಂಪಾದಿಸಿದ. ಅರ್ಜಿ ಹಾಕಿದ ಹನ್ನೊಂದು ಕಡೆಯೂ ಒಂದೇ ಪ್ರಶ್ನೆ: ನಿಜವಾದ ಅನಾಹುತ ನಿಭಾಯಿಸಿದ ಅನುಭವ ಇದೆಯೇ? ಇರಲಿಲ್ಲ. ತನ್ನ ಬದುಕಿನ ಅನಾಹುತಗಳನ್ನೆಲ್ಲ ಅವನು ಅನುಭವಿಸಿದ್ದನೇ ಹೊರತು ಒಂದನ್ನೂ ನಿಭಾಯಿಸಿರಲಿಲ್ಲ.

ಕೊನೆಗೆ, ಪ್ರತಿ ಕಟ್ಟಡಕ್ಕೂ ಒಬ್ಬ ತುರ್ತು ಯೋಜನಾಧಿಕಾರಿ ಇರಲೇಬೇಕೆಂದು ಮೇಲಿನಿಂದ ಆದೇಶ ಬಂತು. ಯಾರಿಗೂ ಬೇಡವಾದ ಆ ಕುರ್ಚಿಯನ್ನು ಆರು ತಿಂಗಳ ಮಟ್ಟಿಗೆ ನೋಡೋಣವೆಂದು ಇವನಿಗೆ ಕೊಟ್ಟರು. ಆರು ತಿಂಗಳು ಆ ಕಟ್ಟಡ ಹಟ ತೊಟ್ಟಂತೆ ಗಟ್ಟಿಯಾಗಿ ನಿಂತಿತು. ಒಂದು ಬಲ್ಬೂ ಸಿಡಿಯಲಿಲ್ಲ. ಇವತ್ತು ಕೊನೆಯ ದಿನ. ಮೇಲಿನ ಕಚೇರಿಯಿಂದ ಇನ್ಸ್‌ಪೆಕ್ಟರಮ್ಮ ಬಂದು ಅಣಕು ಕಾರ್ಯಾಚರಣೆ ನೋಡಿ ಒಪ್ಪಿದರೆ ಕೆಲಸ ಕಾಯಂ, ಒಪ್ಪದಿದ್ದರೆ ಮನೆ. ರವಾನೆ ವಿಭಾಗಕ್ಕೆ ಆಗಲೇ ಬೀಗ ಬಿದ್ದಿತ್ತು.

ಬೆಳಗ್ಗೆ ಹೊರಡುವಾಗ ಮಗಳು ಶಾಲೆಯ ಅರ್ಜಿ ಹಿಡಿದು ಬಾಗಿಲಿಗೆ ಬಂದಿದ್ದಳು. ಅದರಲ್ಲಿ ‘ತಂದೆಯ ಉದ್ಯೋಗ’ ಎಂಬ ಜಾಗ ಒಂದು ತಿಂಗಳಿಂದ ಖಾಲಿ ಇತ್ತು.

“ನಾಳೆ ಕೊಡ್ಲೇಬೇಕಂತೆ ಅಪ್ಪ. ಏನ್ ಬರೀಲಿ?”

“ಸಂಜೆ ಬಂದು ಹೇಳ್ತೀನಿ. ಪೆನ್ಸಿಲ್ ಬೇಡ, ಪೆನ್ನಲ್ಲೇ ಬರೆಯೋಣ,” ಎಂದಿದ್ದ.

ಕೆಂಪು ಚೀಟಿಗೆ ಕಚೇರಿಯಲ್ಲಿ ನೂಕುನುಗ್ಗಲು. ಕೆಂಪು ಎಂದರೆ ತೀವ್ರ ಗಾಯಾಳು. ಮೂರು ಮಹಡಿ ನಡೆಯದೆ ಸ್ಟ್ರೆಚರಿನಲ್ಲಿ ಇಳಿಯಬಹುದು. ಎಂಟು ಜನ ಕೆಂಪನ್ನು ಹಿಡಿದುಕೊಂಡು ಬಿಡಲಿಲ್ಲ. ಅವರಲ್ಲಿ ಹೆಡ್ ಗುಮಾಸ್ತರ ತೂಕವೊಂದೇ ಇಬ್ಬರದಕ್ಕೆ ಸಮ. ಕರಿ ಚೀಟಿಗೆ ಮಾತ್ರ ಎಲ್ಲರ ಬಳಿಯೂ ನೆಪ ಇತ್ತು. ಟೈಪಿಸ್ಟ್ ಹೊಸ ಸೀರೆ ತೋರಿಸಿದಳು. ಹೆಡ್ ಗುಮಾಸ್ತರು, ನಿವೃತ್ತಿಗೆ ಎರಡೇ ತಿಂಗಳಿರುವಾಗ ಸತ್ತು ಏಕೆ ರಗಳೆ ಮಾಡಿಕೊಳ್ಳಲಿ ಎಂದರು. ದಾಖಲೆ ಕೋಣೆಯ ಮುದುಕರಿಗೆ ಹಿಂದಿನ ವರ್ಷ ಎದೆನೋವು ಬಂದಿತ್ತು.

“ಒಂದ್ಸಲ ಅರ್ಧ ದಾರಿ ಹೋಗಿ ಬಂದಿದೀನಿ ಕಣಯ್ಯ. ಅಲ್ಲಿಯವರು ಗುರುತು ಹಿಡಿದುಬಿಡ್ತಾರೆ,” ಎಂದು ಅವರು ಚಹಾದ ನೀರಿಡಲು ಒಳಗೆ ಹೋದರು.

ಹಾಗಾದರೆ ಸಾವೇ ಇಲ್ಲದ ಅಪಘಾತ ಮಾಡಿಬಿಡೋಣ ಎಂದು ಜೋಪಾನಪ್ಪ ಇನ್ಸ್‌ಪೆಕ್ಟರಮ್ಮನನ್ನು ಕೇಳಿ ನೋಡಿದ. ಕೈಯಲ್ಲಿ ಗಡಿಯಾರ, ಕಂಕುಳಲ್ಲಿ ಫೈಲು ಇಟ್ಟುಕೊಂಡಿದ್ದ ಆಕೆ, ಯಾರೂ ಸಾಯದಿದ್ದರೆ ಅದನ್ನು ಪಿಕ್‌ನಿಕ್ ಅಂತ ಬರೆಯಬೇಕಾಗುತ್ತದೆ ಎಂದಳು. ಜೋಪಾನಪ್ಪ ಕರಿ ಚೀಟಿಯನ್ನು ತನ್ನ ಕೊರಳಿಗೇ ಹಾಕಿಕೊಂಡ.

ಯೋಜನಾಧಿಕಾರಿಯೇ ಸತ್ತರೆ ಮುಂದೇನು ಎಂಬುದಕ್ಕೂ ಅವನ ಯೋಜನೆಯಲ್ಲಿ ಉತ್ತರವಿತ್ತು. ಅಧಿಕಾರ ಲಿಫ್ಟಿನವನಿಗೆ. ಉಳಿದವರಿಗೆಲ್ಲ ಒಂದೊಂದು ಕೆಲಸ ಹಂಚಿಯಾಗಿತ್ತು. ಅನಾಹುತದ ಹೊತ್ತಿನಲ್ಲಿ ಲಿಫ್ಟ್ ನಿಲ್ಲಿಸುವುದರಿಂದ ಅವನೊಬ್ಬನೇ ಬಿಡುವಾಗಿರುತ್ತಾನೆ ಎಂದು ಲೆಕ್ಕ ಹಾಕಿ ಹೆಸರು ತುಂಬಿಸಿದ್ದ. ಮೂವತ್ತು ಪುಟದ ಆ ಯೋಜನೆಯನ್ನು ಲಿಫ್ಟಿನವನು ಓದಿರಲಿಲ್ಲ. ಧ್ವನಿವರ್ಧಕವನ್ನು ಕೈಗಿಟ್ಟಾಗ ಸ್ಟೂಲಿನ ಮೇಲೆ ತೂಕಡಿಸುತ್ತಿದ್ದವನು, “ಇದನ್ನ ಎಲ್ಲಿ ಇಡ್ಲಿ?” ಎಂದು ಕೇಳಿದ.

ಹನ್ನೊಂದಕ್ಕೆ ಗಂಟೆ ಹೊಡೆಯಿತು. ಯೋಜನೆಯ ಮೊದಲ ನಿಯಮ: ಇದ್ದದ್ದನ್ನು ಇದ್ದ ಹಾಗೇ ಬಿಟ್ಟು ಹೊರಡಿ, ಹಿಂತಿರುಗಿ ನೋಡಬೇಡಿ. ಅದನ್ನು ಚಾಚೂ ತಪ್ಪದೆ ಪಾಲಿಸಿದವರು ದಾಖಲೆ ಕೋಣೆಯ ಮುದುಕರು ಒಬ್ಬರೇ. ಕಾಗದದ ಕಟ್ಟುಗಳ ನಡುವೆ ಗುಟ್ಟಾಗಿ ಇಟ್ಟುಕೊಂಡಿದ್ದ ವಿದ್ಯುತ್ ಒಲೆಯನ್ನು, ಅದರ ಮೇಲಿನ ಚಹಾದ ನೀರನ್ನು ಇದ್ದ ಹಾಗೇ ಬಿಟ್ಟು, ಹಿಂತಿರುಗಿ ನೋಡದೆ ಇಳಿದರು.

ಜೋಪಾನಪ್ಪ ಆ ಕೋಣೆಯ ಬಾಗಿಲಲ್ಲೇ ಸತ್ತು ಮಲಗಿದ್ದ. ಜವಾನರಿಬ್ಬರು, ಒಬ್ಬ ಉದ್ದ, ಒಬ್ಬ ಗಿಡ್ಡ, ಒಂದೇ ಸ್ಟ್ರೆಚರಿನಲ್ಲಿ ಎಂಟು ಕೆಂಪು ಚೀಟಿಗಳನ್ನು ಸಾಗಿಸಬೇಕಿತ್ತು. ಸ್ಟ್ರೆಚರ್ ಓರೆಯಾಗಿದ್ದರಿಂದ ಗಾಯಾಳುಗಳು ದಾರಿಯುದ್ದಕ್ಕೂ ಬೈಯುತ್ತಿದ್ದರು. ಅರ್ಧ ಗಂಟೆಯಾಯಿತು. ಅಷ್ಟರಲ್ಲಿ ಒಳಗೆ ನೀರು ಬತ್ತಿತು, ಪಾತ್ರೆ ಸುಟ್ಟಿತು, ಪಕ್ಕದ ಕಾಗದದ ಕಟ್ಟು ಹೊತ್ತಿಕೊಂಡಿತು.

ಮೊದಲು ವಾಸನೆ ಬಂತು. ಏಳಬೇಕೆಂದು ಮೊಣಕೈ ಊರಿದ. ಮೆಟ್ಟಿಲ ಬಳಿ ಇನ್ಸ್‌ಪೆಕ್ಟರಮ್ಮ ಗಡಿಯಾರ ನೋಡುತ್ತಾ ನಿಂತಿದ್ದಳು. ಹೆಣ ಎದ್ದು ಕೂತರೆ ಅಲ್ಲಿಗೆ ಎಲ್ಲ ಮುಗಿಯಿತು, ಆರು ತಿಂಗಳೂ ನೀರುಪಾಲು. ಮುದುಕರು ಕದ್ದು ಬೀಡಿ ಸೇದಿರಬೇಕು ಎಂದುಕೊಂಡು ಮತ್ತೆ ಮಲಗಿದ. ಬಾಗಿಲ ಸಂದಿಯಿಂದ ಹೊಗೆ ನಿಧಾನವಾಗಿ ಹೊರಬಂದು ಅವನ ಕಾಲು ಸವರಿತು. ಅವನಿಗೆ ನಿಜವಾಗಿ ಭಯವಾಯಿತು. ಆದರೂ ಅವನು ಎರಡು ನಿಮಿಷ ಯೋಚಿಸಿದ ಎಂಬುದನ್ನು ಮುಚ್ಚಿಡುವುದು ಬೇಡ. ಕೆಲಸವಿಲ್ಲದವನು ಜೀವದ ಬಗ್ಗೆಯೂ ಯೋಚಿಸಿಯೇ ತೀರ್ಮಾನ ಮಾಡಬೇಕಾಗುತ್ತದೆ.

ಜವಾನರು ಕೊನೆಯ ಕೆಂಪಾದ ಹೆಡ್ ಗುಮಾಸ್ತರನ್ನು ಹೊತ್ತು ಹೊರಟಾಗ ಉದ್ದನೆಯವನ ಕಾಲು ಹಿಡಿದುಕೊಂಡ.

“ನಿಜವಾದ ಬೆಂಕಿ ಕಣ್ರಯ್ಯ. ಒಳಗೆ ನೋಡಿ.”

“ಸತ್ತವ್ರು ಮಾತಾಡೋ ಹಾಗಿಲ್ಲ ಸಾರ್,” ಎಂದು ಉದ್ದನೆಯವನು ಮೆಲ್ಲಗೆ ಕಾಲು ಬಿಡಿಸಿಕೊಂಡ.

“ನನ್ ಮುಖ ನೋಡಿ ಹೇಳು, ನಾನು ತಮಾಷೆ ಮಾಡ್ತಿದೀನಾ?”

“ಮುಖ ನೋಡಬೇಡಿ, ಚೀಟಿ ನೋಡಿ ಅಂತ ನೀವೇ ಬರೆದಿದ್ದೀರಿ. ಕೂಗಾಡಿದವರ ಮಾತಿಗೆ ಮರುಳಾಗಬಾರದು ಅಂತಾನೂ ಇದೆ, ಹದಿನಾಲ್ಕನೇ ಪುಟ.” ಗಿಡ್ಡನೆಯವನು ತುಸು ದೂರ ಹೋಗಿ ತಿರುಗಿ ನೋಡಿದ. “ಕೆಮ್ಮು ಮಾತ್ರ ಬಹಳ ಚೆನ್ನಾಗಿ ಬರ್ತಿದೆ ಸಾರ್.”

ಕೊನೆಯ ಸ್ಟ್ರೆಚರಿನ ಹಿಂದೆಯೇ ಇನ್ಸ್‌ಪೆಕ್ಟರಮ್ಮನೂ ಇಳಿದುಹೋದಳು. ಯೋಜನೆಯನ್ನು ಅಷ್ಟು ಶ್ರದ್ಧೆಯಿಂದ ಓದಿದವರು ಆ ಕಚೇರಿಯಲ್ಲಿ ಆ ಜವಾನರಿಬ್ಬರೇ. ಜೋಪಾನಪ್ಪ ಇನ್ನು ಯೋಚಿಸಲಿಲ್ಲ, ತೆವಳತೊಡಗಿದ.

ಕೆಳಗೆ ಅಂಗಳದಲ್ಲಿ ಅರವತ್ತು ಜನ ಯೋಜನೆಯಲ್ಲಿ ಗುರುತು ಮಾಡಿದ ಜಾಗದಲ್ಲೇ ಸಾಲಾಗಿ ನಿಂತಿದ್ದರು. ಆ ಜಾಗ ದಾಖಲೆ ಕೋಣೆಯ ಕಿಟಕಿಗಳ ನೇರ ಕೆಳಗಿತ್ತು. ಅಲ್ಲಿ ನೆರಳು ಚೆನ್ನಾಗಿರುತ್ತದೆಂದು ಜೋಪಾನಪ್ಪ ಆರಿಸಿದ್ದ. ಕಿಟಕಿಯಲ್ಲಿ ಹೊಗೆ ಕಂಡಾಗ ಎಲ್ಲರೂ ಏರ್ಪಾಡು ಬಲು ಜೋರಾಗಿದೆ ಎಂದು ಮೆಚ್ಚಿಕೊಂಡರು. ಲಿಫ್ಟಿನವನೊಬ್ಬನಿಗೆ ಯೋಜನೆ ಗೊತ್ತಿರಲಿಲ್ಲವಾದ್ದರಿಂದ ಅವನಿಗೆ ಹೊಗೆ ಹೊಗೆಯ ಹಾಗೇ ಕಾಣಿಸಿತು. ಧ್ವನಿವರ್ಧಕ ಎತ್ತಿ, ಎಲ್ಲರೂ ಗೇಟಿನಾಚೆ ಓಡಿ ಎಂದು ಗದರಿದ, ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿದ, ಓಡದೆ ವಾದ ಮಾಡುತ್ತಿದ್ದ ಹೆಡ್ ಗುಮಾಸ್ತರನ್ನು ಸ್ಟ್ರೆಚರ್ ಸಮೇತ ಎಳೆದುಕೊಂಡು ಹೋದ. ಮರುಕ್ಷಣ ಕಿಟಕಿಯ ಗಾಜೆಲ್ಲ ಅವರು ನಿಂತಿದ್ದ ಜಾಗಕ್ಕೇ ಸುರಿಯಿತು.

ಎರಡನೆಯ ಮಹಡಿಯ ಮೆಟ್ಟಿಲ ಮೇಲೆ ಬಿದ್ದಿದ್ದ ಜೋಪಾನಪ್ಪನನ್ನು ಅಗ್ನಿಶಾಮಕದವರು ಹೊತ್ತು ತಂದರು. ಆಂಬುಲೆನ್ಸಿನ ದಾದಿ ಕೊರಳ ಚೀಟಿ ಓದಿ, ಅವನನ್ನು ಒಂದು ಪಕ್ಕಕ್ಕೆ ಇಡಿಸಿ, ಮುಖದ ಮೇಲೆ ಬಟ್ಟೆ ಎಳೆದಳು. ಅದನ್ನು ಅವನೇ ಸರಿಸಿಕೊಂಡು ಎದ್ದು ಕೂರಬೇಕಾಯಿತು.

ಬೆಂಕಿ ಆರಿದ ಮೇಲೆ, ಮೂರು ಗಂಟೆಗೆ, ನೆಲಮಹಡಿಯ ದೊಡ್ಡ ಸಾಹೇಬರ ಕೋಣೆಯಲ್ಲಿ ಇನ್ಸ್‌ಪೆಕ್ಟರಮ್ಮ ವರದಿ ಮುಗಿಸಿದಳು. ಮಸಿ ಮೆತ್ತಿದ ಮುಖದಲ್ಲಿ ಜೋಪಾನಪ್ಪ ಎದುರಿಗೆ ನಿಂತ. ಎದೆ ಉರಿಯುತ್ತಿದ್ದರೂ ಒಳಗೊಳಗೇ ಒಂದು ಆಸೆ ಚಿಗುರಿತ್ತು: ಕಡೆಗೂ ನಿಜವಾದ ಅನಾಹುತ ಒಂದು ಆಯಿತಲ್ಲ.

ಆಕೆಯೂ ಅದನ್ನೇ ಹೇಳಿದಳು. ಇದು ಅಣಕು ಅಲ್ಲ, ನಿಜವಾದ ಬೆಂಕಿ ಎಂದೇ ಬರೆದಿದ್ದೇನೆ. ಅರವತ್ತು ಜೀವ ಉಳಿದಿವೆ. ನಿಭಾಯಿಸಿದವರನ್ನು ಇವತ್ತೇ ಕಾಯಂ ಮಾಡಲು ಶಿಫಾರಸು ಮಾಡಿದ್ದೇನೆ ಎಂದಳು. ಜೋಪಾನಪ್ಪ ಕೈ ಮುಗಿದ. ಆಕೆ ಅವನ ಹಿಂದೆ ನಿಂತಿದ್ದ ಲಿಫ್ಟಿನವನ ಕೈ ಕುಲುಕಿದಳು.

“ಯೋಜನೆ ನಂದಲ್ವಾ ಮೇಡಂ?”

“ಯೋಜನೆ ಪ್ರಕಾರ ನೀವು ಹನ್ನೊಂದು ಗಂಟೆಗೇ ಸತ್ತಿದ್ದೀರಿ. ಆಮೇಲೆ ಅಧಿಕಾರ ಇವರದು ಅಂತ ನಿಮ್ಮ ಸಹೀನೇ ಇದೆ.” ಆಕೆಯ ದನಿಯಲ್ಲಿ ಕನಿಕರವೂ ಇತ್ತು. “ನಿಮಗೂ ಒಂದು ಅನುಭವ ಪತ್ರ ಬರೆದಿದ್ದೀನಿ. ನಿಜವಾದ ಅನಾಹುತ: ಒಂದು. ವಹಿಸಿದ ಪಾತ್ರ: ಮೃತ.”

ದೊಡ್ಡ ಸಾಹೇಬರು ಮರುಕವುಳ್ಳವರು. ಅವನನ್ನು ಬರಿಗೈಯಲ್ಲಿ ಕಳಿಸಲು ಮನಸ್ಸಾಗದೆ ಸ್ವಲ್ಪ ಹೊತ್ತು ಚಾವಣಿ ನೋಡಿದರು. ಆಮೇಲೆ ಮುಖ ಅರಳಿಸಿ, “ಲಿಫ್ಟಿಗೆ ಒಬ್ಬರು ಬೇಕಾಯ್ತಲ್ಲಪ್ಪ. ಹಂಗಾಮಿ ಕೆಲಸ. ಅನುಭವ ಏನೂ ಬೇಕಿಲ್ಲ,” ಎಂದರು.

ಅವನು ಹೋಗಿ ಸ್ಟೂಲಿನ ಮೇಲೆ ಕೂತ. ಹೊಸ ಅಧಿಕಾರಿ ಬಂದು, ತಪಾಸಣೆ ಮುಗಿಯುವವರೆಗೆ ಲಿಫ್ಟ್ ಬಂದ್ ಎಂದು ಬಾಗಿಲಿಗೆ ಹಲಗೆ ನೇತುಹಾಕಿ, “ಜೋಪಾನ,” ಎಂದು ಹೇಳಿ ಮೆಟ್ಟಿಲು ಹತ್ತಿ ಹೋದ.

ಸಂಜೆ ಮಗಳು ಬಾಗಿಲಲ್ಲೇ ಕಾದಿದ್ದಳು. ಅಪ್ಪನ ಕೊರಳಲ್ಲಿ ಮರೆತುಹೋಗಿ ಇನ್ನೂ ನೇತಾಡುತ್ತಿದ್ದ ಚೀಟಿಯನ್ನು ತಿರುಗಿಸಿ ಓದಿದಳು, ಅವನ ಮುಖ ನೋಡಿದಳು. ಒಳಗೆ ಹೋಗಿ ಪೆನ್ನಿಗೆ ಮುಚ್ಚಳ ಹಾಕಿ, ಪೆನ್ಸಿಲ್ ತಂದಳು.