ಮೂಲದಲ್ಲಿಲ್ಲದ ಮೊದಲ ಪುಟ

"ವಾರದ ಕೆಲಸವಂತೆ! ಒಂದೇ ಸಾಲಿನ ನಿಯಮ ಬರೆದು ಮುಗಿಸಿ ಬಿಸಾಕ್ತೀನಿ ನೋಡು" ಎಂದು ಕೊಂಡಿರಾಯರು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ತೋಳು ಮಡಚಿದರು. ಬಟ್ಟೆ ಒಗೆಯುವ ಯಂತ್ರದ ಕಂಪನಿಯಲ್ಲಿ ವೆಬ್ ಪುಟಗಳಿಗೆ ಕೊಂಡಿ ಹಾಕುವುದೇ ಅವರ ಉದ್ಯೋಗ. ಆಫೀಸಿನವರು ಇಟ್ಟ ಹೆಸರು ಮನೆಯವರೆಗೂ ಬಂದು ಅಂಟಿಕೊಂಡಿತ್ತು. ಈಗ ಯಂತ್ರದ ಕೈಪಿಡಿ ಹೊಸ ವೆಬ್‌ಸೈಟಿಗೆ ಹೋಗಬೇಕಿತ್ತು. ಮೂಲದ ಪ್ರತಿ ಪುಟದ ವಿಳಾಸಕ್ಕೂ ಅನುವಾದದ ಪುಟದ ವಿಳಾಸ ಜೋಡಿಸಬೇಕು. 'ಅನುವಾದ' ಎಂಬ ಗುಂಡಿ ಒತ್ತಿದವರಿಗೆ ಅದೇ ವಿಷಯ ಸಿಗಬೇಕು. ಜೋಡಿ ಸಿಗದ ಪುಟವನ್ನು ಅಳಿಸಬೇಕೆಂದು ಮೇಲಿನ ಅಪ್ಪಣೆ.

ಎರಡೂ ಕಡೆ ವಿಳಾಸದ ಕೊನೆಗೆ ಪುಟದ ಅಂಕಿ ಇತ್ತು. ಮೂಲದ ಆರಕ್ಕೆ ಅನುವಾದದ ಆರು, ಏಳಕ್ಕೆ ಏಳು. ಇದೇನು ಬ್ರಹ್ಮವಿದ್ಯೆಯೇ?

ಅನುವಾದ ಅವರ ಹೆಂಡತಿಯದೇ. ಮದುವೆಗೆ ಮುಂಚೆ ಅದೇ ಕಂಪನಿಯಲ್ಲಿದ್ದಾಗ ಮಾಡಿದ್ದು. ಒಂದೊಂದನ್ನೂ ತೆರೆದು ಓದಿ ಜೋಡಿಸಿ ಎಂದಳು. ನೀನು ಬರೆದದ್ದನ್ನು ನಾನು ಪರೀಕ್ಷೆ ಮಾಡುವುದೇ ಎಂದು ರಾಯರು ಸೋಮಾರಿತನಕ್ಕೆ ಹೊಗಳಿಕೆಯ ಅಂಗಿ ತೊಡಿಸಿದರು. ಕೊನೆಗೆ ಅನುವಾದದ ಕಡೆ ಕಟ್ಟಕಡೆಯ ಪುಟವೊಂದು ಒಂಟಿಯಾಗಿ ಉಳಿಯಿತು. ಹಿಂದುಮುಂದು ನೋಡದೆ ಅದಕ್ಕೆ ಅಳಿಸುವ ಗುರುತು ಹಾಕಿದರು.

ಅಷ್ಟರಲ್ಲಿ ಬಚ್ಚಲಿನ ಯಂತ್ರ ಗೊರಗೊರ ಎಂದು ನಿಂತೇಬಿಟ್ಟಿತು, ಹೊಟ್ಟೆ ತುಂಬ ನೀರು ಇಟ್ಟುಕೊಂಡು. ಅದೂ ಅದೇ ಕಂಪನಿಯದು. ಮದುವೆಯಾದ ಹೊಸತರಲ್ಲಿ ಗಂಡಹೆಂಡತಿ ಸೇರಿ, ನಡುನಡುವೆ ಮೆಟ್ಟಿಲ ಮೇಲೆ ಕೂತು ನಗುತ್ತಾ, ಮಹಡಿ ಹತ್ತಿಸಿದ್ದು. ಅದನ್ನು ಮಾರುವ ಮಾತೆತ್ತಿದರೆ ಇಬ್ಬರಿಗೂ ಕರುಳು ಚುರುಕ್ಕೆನ್ನುತ್ತಿತ್ತು.

ನನ್ನ ಕೊಂಡಿಯ ಮಹಿಮೆ ನೋಡು ಎಂದು ರಾಯರು ಮೂಲದಲ್ಲಿ 'ನೀರು ನಿಂತರೆ' ಎಂಬ ಪುಟ ತೆರೆದು ಗುಂಡಿ ಒತ್ತಿದರು. 'ಕೆಳಗಿನ ಮುಚ್ಚಳವನ್ನು ಎಡಕ್ಕೆ ತಿರುಗಿಸಿ ಪೂರ್ತಿ ತೆಗೆಯಿರಿ' ಎಂದಿತ್ತು.

"ಮೊದ್ಲು ಸಣ್ಣ ಪೈಪಲ್ಲಿ ನೀರು ಇಳಿಸ್ಬೇಕು. ಟಬ್ ತರ್ತೀನಿ, ಇರಿ" ಎಂದಳು ಹೆಂಡತಿ.

"ಪುಟದಲ್ಲಿ ಟಬ್ಬಿನ ಮಾತೇ ಇಲ್ಲ."

"ನಾನೇ ಬರ್ದಿದ್ದೀನಲ್ರೀ."

ರಾಯರು ಆಗಲೇ ಮುಚ್ಚಳ ತೆಗೆದಾಗಿತ್ತು. ಜಲಪ್ರಳಯ! ನೊರೆಸಮೇತ ನೀರು ಅವರ ಮಡಿಲಿಗೇ ನುಗ್ಗಿತು. ಹೆಂಡತಿ ಗೋಡೆಯ ಕಡೆ ಓಡಿದಳು. ಒರೆಸುವ ಬಟ್ಟೆಗೆ ಓಡಿದಳು ಎಂದುಕೊಂಡರು ರಾಯರು. ತಿರುಗಿ ನೋಡಿದರೆ ಪ್ಲಗ್ ಕಿತ್ತು ಕೈಯಲ್ಲಿ ಹಿಡಿದು, ಮುಖ ಬಿಳಿಚಿಕೊಂಡು ನಿಂತಿದ್ದಾಳೆ.

ಆ ಮುಖವನ್ನು ರಾಯರು ಹಿಂದೊಮ್ಮೆ ಕಂಡಿದ್ದರು. ಕಂಪನಿಗೆ ಹೊಸದಾಗಿ ಬಂದ ಅನುವಾದಕಿಯ ಮುಂದೆ ಜಂಬ ತೋರಿಸಲು ಪ್ಲಗ್ ಕೀಳದೆಯೇ ಯಂತ್ರದ ಬೆನ್ನಿಗೆ ಕೈ ಹಾಕಿ ಶಾಕ್ ಹೊಡೆಸಿಕೊಂಡಿದ್ದರು. ಅಂದೂ ಓಡಿ ಹೋಗಿ ಪ್ಲಗ್ ಕಿತ್ತವಳು ಅವಳೇ. ಆಸ್ಪತ್ರೆಯ ಬೆಂಚಿನ ಮೇಲೆ ಅವಳು ಬೈದ ಬೈಗುಳದಲ್ಲೇ ರಾಯರಿಗೆ ಮದುವೆಯ ಒಪ್ಪಿಗೆ ಕೇಳಿಸಿದ್ದು. ಎಂಥ ದಿನಗಳವು! ನೀರಲ್ಲಿ ಕೂತೇ ಅವರಿಗೆ ಕಣ್ಣು ತುಂಬಿತು.

ಅವಳು ಲ್ಯಾಪ್‌ಟಾಪ್ ತಂದು ಅನುವಾದದ ಮೊದಲ ಪುಟ ತೆರೆದು ಹಿಡಿದಳು. 'ಮೊದಲು ಪ್ಲಗ್ ಕೀಳಿ. ಕಿತ್ತಿದ್ದೇನೆ ಅನ್ನಿಸಿದರೂ ಇನ್ನೊಮ್ಮೆ ತಿರುಗಿ ನೋಡಿ.' ಅಷ್ಟೇ. ಮೂಲದಲ್ಲಿ ಅಂಥ ಪುಟವೇ ಇರಲಿಲ್ಲ. ಆಸ್ಪತ್ರೆಯಿಂದ ಬಂದ ಮರುದಿನ, ಯಾರನ್ನೂ ಕೇಳದೆ ಅವಳೇ ಸೇರಿಸಿದ್ದು. ಅದರಿಂದ ಅನುವಾದದ ಮಿಕ್ಕ ಪುಟಗಳೆಲ್ಲ ಒಂದೊಂದು ಅಂಕಿ ಮುಂದೆ ಸರಿದಿದ್ದವು. ರಾಯರು ಒತ್ತಿದ ಗುಂಡಿ ಅವರನ್ನು ಒಂದು ಪುಟ ಹಿಂದೆ, ಖಾಲಿ ಯಂತ್ರದ ಫಿಲ್ಟರ್ ತೊಳೆಯುವ ಪುಟಕ್ಕೆ ಇಳಿಸಿತ್ತು.

"ಸರಿಯಾಗಿ ಜೋಡಿಸಿದ್ರೆ ಈ ಪುಟಾನೇ ಒಂಟಿಯಾಗುತ್ತೆ. ಇದಕ್ಕೆ ಮೂಲ ಇಲ್ವಲ್ಲೇ, ಅಳಿಸ್ಬೇಕಾಗುತ್ತೆ." ರಾಯರು ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ಆ ಎರಡು ಸಾಲನ್ನು ಮತ್ತೊಮ್ಮೆ ಓದಿದರು.

"ಇಲ್ದೆ ಏನು? ಒದ್ದೆ ಪ್ಯಾಂಟ್ ಹಾಕ್ಕೊಂಡು ಎದುರಿಗೇ ಕೂತಿದೆ."

ರಾಯರು ಒದ್ದೆ ಪ್ಯಾಂಟಿನಲ್ಲೇ ಮೇಲಧಿಕಾರಿಗೆ ಫೋನ್ ಮಾಡಿದರು. ಅನುವಾದದಲ್ಲಿ ಪುಟ ಹೆಚ್ಚಾಗಿಲ್ಲ, ಮೂಲದಲ್ಲೇ ಒಂದು ಕಡಿಮೆ ಇದೆ, ಸೇರಿಸಲೇಬೇಕು ಎಂದು ಪಟ್ಟು ಹಿಡಿದರು. ಇಷ್ಟು ಗಟ್ಟಿಯಾಗಿ ಹೇಳುತ್ತೀರಲ್ಲ, ಆ ಪುಟದ ಅಗತ್ಯವನ್ನು ಪರೀಕ್ಷೆ ಮಾಡಿ ನೋಡಿದವರು ಯಾರು ಎಂದು ಅಧಿಕಾರಿ ಕೇಳಿದರು.

ಹೆಂಡತಿ ಪ್ಲಗ್ ಹಿಡಿದುಕೊಂಡೇ ಕಿವಿಗೊಟ್ಟಳು.

"ನಾನೇ ಸಾರ್" ಎಂದರು ರಾಯರು. "ಎರಡು ಸಲ."