ಪರಮೇಶ್ವರಪ್ಪನವರ ವಾಸನಾ ಪರೀಕ್ಷಾ ಯಂತ್ರ

ಕೊರೊನಾ ಬಂದು ಎಷ್ಟೋ ಜನರ ಕೆಲಸ ಹೋಯಿತು. ಬಾಳೂರಿನ ಪರಮೇಶ್ವರಪ್ಪನವರಿಗೆ ಮಾತ್ರ ಹೊಸದೊಂದು ಕೆಲಸ ಸಿಕ್ಕಿತು. ಅವರು ವಿಜ್ಞಾನಿಯಾದರು. (ಆಗಿ ಅಂತ ಯಾರೂ ಕೇಳಿಕೊಂಡಿರಲಿಲ್ಲ.)

ಹದಿನೆಂಟು ಎಕರೆ ಕಾಫಿ ತೋಟದ ಈ ಸಾಹುಕಾರರು ಲಾಕ್‌ಡೌನಿಗೆ ಮುಂಚೆ ಬೆಳಿಗ್ಗೆ ತೋಟಕ್ಕೊಂದು ಸುತ್ತು ಹಾಕಿ, ಹತ್ತು ಗಂಟೆಗೆ ಜೀಪು ಹತ್ತಿ ಮೂಡಿಗೆರೆಗೆ ಹೋದರೆ ಊಟದ ಹೊತ್ತಿಗೇ ಮನೆಗೆ ಬರುತ್ತಿದ್ದದ್ದು. ಆ ಮೂರು ಗಂಟೆ ಹೆಂಡತಿ ರುಕ್ಮಿಣಮ್ಮನವರ ಪಾಲಿಗೆ ಸ್ವರ್ಗ. ಈಗ ಗಂಡ ಇಡೀ ದಿನ ಮನೆಯಲ್ಲೇ, ಅದೂ ಕೈಯಲ್ಲಿ ಸ್ಪ್ಯಾನರ್ ಹಿಡಿದುಕೊಂಡು.

"ವೈರಸ್ಸಾದ್ರೂ ಹದಿನಾಲ್ಕು ದಿನಕ್ಕೆ ಬಿಟ್ಟು ಹೋಗ್ತದಂತೆ," ಎಂದು ರುಕ್ಮಿಣಮ್ಮ ಫೋನಿನಲ್ಲಿ ತಾಯಿಯ ಹತ್ತಿರ ಗೋಳಾಡಿಕೊಂಡರು. "ಇವ್ರು ಮನೆ ಬಿಟ್ಟು ಕದಲೋದೇ ಇಲ್ಲಮ್ಮ."

ಮೊದಲ ಆವಿಷ್ಕಾರ 'ಪಾದಚಾಲಿತ ಹಸ್ತಪ್ರಕ್ಷಾಲನ ಯಂತ್ರ'. ಹಳೇ ಬೈಕಿನ ಬ್ರೇಕ್ ಪೆಡಲ್ಲು, ಕ್ಲಚ್ ವೈರು, ಔಷಧಿ ಹೊಡೆಯುವ ಡ್ರಮ್ಮು ಇಷ್ಟೂ ಸೇರಿ ಜಗುಲಿಯ ಮೆಟ್ಟಿಲ ಪಕ್ಕ ನಿಂತವು. ಪೆಡಲ್ ಒತ್ತಿದರೆ ಕೈಗೆ ಸೋಪಿನ ನೀರು ಬೀಳಬೇಕು. ಅದು ಬಿದ್ದದ್ದು ಮೆಟ್ಟಿಲಿಗೆ. ಮೆಟ್ಟಿಲಿನಿಂದ ಬಿದ್ದದ್ದು ರುಕ್ಮಿಣಮ್ಮ. ಬಲಗೈ ಮಣಿಕಟ್ಟು ಮುರಿದು ಆರು ವಾರದ ಪ್ಲಾಸ್ಟರ್ ಹಾಕಿಸಿಕೊಂಡು ಬಂದ ಹೆಂಡತಿಗೆ ಪರಮೇಶ್ವರಪ್ಪನವರು, "ಸಣ್ಣ ತಾಂತ್ರಿಕ ದೋಷ ಕಣೆ, ಸರಿ ಮಾಡ್ತೀನಿ," ಎಂದರು. ಅವರು ಸರಿ ಮಾಡುತ್ತೇನೆಂದದ್ದು ಯಂತ್ರವನ್ನು.

ಅಡುಗೆಗೆ ಬರುತ್ತಿದ್ದವಳು ಲಾಕ್‌ಡೌನ್ ಎಂದು ಊರಿಗೆ ಹೋಗಿಬಿಟ್ಟಿದ್ದಳು. ಒಂದೇ ಕೈಯಲ್ಲಿ ಕಾಯಿ ತುರಿಯುವುದು ಹೇಗೆ, ಅಕ್ಕಿ ತೊಳೆಯುವುದು ಹೇಗೆ? ಕೊನೆಗೆ ಕಳಸದಿಂದ ತಾಯಿ ತಿಮ್ಮಮ್ಮನವರನ್ನು ಕರೆಸಿಕೊಳ್ಳುವುದೆಂದು ರುಕ್ಮಿಣಮ್ಮ ತೀರ್ಮಾನಿಸಿದರು. ಗುರುವಾರ ಬೆಳಿಗ್ಗೆ ಯಾರದೋ ಜೀಪಿನಲ್ಲಿ ಬರುವುದೆಂದು ಮಾತಾಯಿತು.

ಪರಮೇಶ್ವರಪ್ಪನವರು ಕಾಡಾನೆಗೆ ಹೆದರುವವರಲ್ಲ, ಅತ್ತೆಯ ನಾಲಿಗೆಗೆ ಹೆದರುವವರು. ಎಪ್ಪತ್ತೆರಡು ವರ್ಷದ ಆ ಹೆಂಗಸು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತಿದ್ದರು. ಬೇಡವೆನ್ನಲು ಧೈರ್ಯವಿಲ್ಲ, ಬರಲಿ ಎನ್ನಲು ಮನಸ್ಸಿಲ್ಲ. ಆಗಲೇ ಟಿವಿಯಲ್ಲಿ ಯಾರೋ ಡಾಕ್ಟರು, ಈ ರೋಗ ಬಂದವರಿಗೆ ವಾಸನೆಯೇ ಗೊತ್ತಾಗುವುದಿಲ್ಲ ಎಂದರು. ಸಾಹುಕಾರರು ಕುರ್ಚಿಯಿಂದ ದಡಬಡ ಎದ್ದು ಸ್ಪ್ಯಾನರ್ ಹುಡುಕಿದರು.

ಮಾರನೇ ದಿನ ಗೇಟಿನ ಹತ್ತಿರ 'ವಾಸನಾ ಪರೀಕ್ಷಾ ಯಂತ್ರ' ಪ್ರತಿಷ್ಠಾಪನೆಯಾಯಿತು. ಒಂದು ಡಬ್ಬಿ, ಅದರೊಳಗೆ ಕಾಫಿಪುಡಿ. ಡಬ್ಬಿಗೆ ಮುಚ್ಚಳ, ಮುಚ್ಚಳಕ್ಕೊಂದು ತೂತು, ತೂತಿಗೆ ಮೂರಡಿ ಪೈಪು. ಒಳಗೆ ಬರುವವರು ಕಣ್ಣು ಮುಚ್ಚಿ ಪೈಪಿನ ತುದಿ ಮೂಸಿ, ಎಂತ ವಾಸನೆ ಎಂದು ಹೇಳಬೇಕು. ಪಕ್ಕದಲ್ಲಿ ಬೋರ್ಡು: 'ಕಾಫಿಯ ವಾಸನೆ ಗುರುತಿಸದವರು, ಯಾರೇ ಆಗಿರಲಿ, ಹದಿನಾಲ್ಕು ದಿನ ಗೋಡೌನಿನಲ್ಲಿ.' 'ಯಾರೇ ಆಗಿರಲಿ' ಎಂಬುದನ್ನು ಸಾಹುಕಾರರು ಕೆಂಪು ಬಣ್ಣದಲ್ಲಿ ತಾವೇ ಬರೆದರು.

"ಊರವರ ಮೂಗೆಲ್ಲ ಒಂದೇ ಪೈಪಿಗಾ?" ಎಂದರು ರುಕ್ಮಿಣಮ್ಮ.

"ದಿನಾ ಹೊಸ ಕಾಗದ ಸುತ್ತಿಡ್ತೀನಿ. ನಿಂಗೆ ವಿಜ್ಞಾನ ಗೊತ್ತಾಗಲ್ಲ, ಸುಮ್ನಿರು."

ಇಲ್ಲಿ ಆ ಪುಡಿಯ ಕುಲಗೋತ್ರ ಹೇಳಲೇಬೇಕು. ಕೊಯ್ದ ಹಣ್ಣನ್ನು ಸಿಪ್ಪೆ ಬಿಡಿಸುವ ಪಲ್ಪರಿಗೆ ಹಾಕುವ ಮುಂಚೆ ನೀರಿನ ತೊಟ್ಟಿಗೆ ಸುರಿಯುತ್ತಾರೆ. ಗಟ್ಟಿ ಹಣ್ಣು ಮುಳುಗುತ್ತದೆ, ಜೊಳ್ಳು ತೇಲುತ್ತದೆ. ಮುಳುಗಿದ್ದೆಲ್ಲ ಚಿಕ್ಕಮಗಳೂರಿನ ಕ್ಯೂರಿಂಗ್ ಕಾರ್ಖಾನೆಗೆ, ಅಲ್ಲಿಂದ ಯಾವುದೋ ದೇಶದ ದೊರೆಗಳ ಕಪ್ಪಿಗೆ ಹೋಗುತ್ತದೆ. ತೇಲಿದ್ದನ್ನು ಕಣದಲ್ಲಿ ಒಣಗಿಸಿ, ನೆಲದಿಂದ ಹೆಕ್ಕಿದ ಬೀಜ ಸೇರಿಸಿ, ಕಪ್ಪಗೆ ಹುರಿದು ಮನೆಗೆ ಇಟ್ಟುಕೊಳ್ಳುತ್ತಾರೆ. ಪರಮೇಶ್ವರಪ್ಪನವರ ಅಜ್ಜ ಕುಡಿದದ್ದು ಅದನ್ನೇ, ಅಪ್ಪ ಕುಡಿದದ್ದೂ ಅದನ್ನೇ. ಇವರೂ ಐವತ್ತೆಂಟು ವರ್ಷ ಅದನ್ನೇ ಕುಡಿದು, "ನಮ್ಮ ತೋಟದ ಕಾಫಿ ಘಮ ಮೈಲಿ ದೂರದಿಂದ ಹೇಳ್ತೀನಿ ಮಾರಾಯ," ಎಂದು ಕಂಡಕಂಡವರ ಮುಂದೆ ಕೊಚ್ಚಿಕೊಳ್ಳುತ್ತಿದ್ದರು.

ಮೊದಲ ದಿನ ಆಳು ಸಿದ್ದಮ್ಮ ಪೈಪು ಮೂಸಿ ಮುಖ ಹಿಂಡಿದಳು. "ಎಂತದೋ ಸೀದೋದ ವಾಸ್ನೆ ಸಾವ್ಕಾರ್ರೆ."

ಹಿಂದೆ ನಿಂತಿದ್ದ ರೈಟರ್ ಲಿಂಗಪ್ಪ ಕೆಮ್ಮಿದ. ತೋಟದ ಲೆಕ್ಕಪತ್ರ ಬರೆಯುತ್ತ ಇಪ್ಪತ್ತು ವರ್ಷ ಸಾಹುಕಾರರ ಮುಖ ಓದಿದವನು ಅವನು. ಸಿದ್ದಮ್ಮ ಅವನ ಕಣ್ಸನ್ನೆ ನೋಡಿ, "ಕಾಫಿ, ಕಾಫಿ! ಅಬ್ಬಬ್ಬಾ, ಎಂಥಾ ಘಮ!" ಎಂದು ಒಳಗೆ ಓಡಿದಳು. ಆಮೇಲೆ ಎಲ್ಲರೂ ಗೇಟಿನ ಆಚೆಯಿಂದಲೇ "ಕಾಫಿ ಸಾವ್ಕಾರ್ರೆ" ಎಂದು ಕೂಗುತ್ತ ಬರತೊಡಗಿದರು. ಬುಧವಾರ ಮನೆಯಲ್ಲಿ ಪುಡಿ ಮುಗಿದು ರುಕ್ಮಿಣಮ್ಮ ಯಂತ್ರದ ಡಬ್ಬಿಯನ್ನೇ ಬರಿದು ಮಾಡಿಕೊಂಡಿದ್ದರು. ಅವತ್ತು ಖಾಲಿ ಡಬ್ಬಿ ಮೂಸಿದ ಹನ್ನೊಂದು ಜನರಿಗೂ ಕಾಫಿಯ ಘಮವೇ ಬಂತು. ಲಿಂಗಪ್ಪನಿಗಂತೂ ನಿನ್ನೆಗಿಂತ ಜಾಸ್ತಿ ಬಂತು.

"ನೋಡ್ದ್ಯಾ? ನಮ್ಮ ತೋಟದಲ್ಲಿ ಒಂದೂ ಕೇಸಿಲ್ಲ!" ಎಂದು ಸಾಹುಕಾರರು ಬೀಗಿದರು. ಹೆಂಡತಿ ಡಬ್ಬಿಯ ವಿಷಯ ಹೇಳಲು ಹೋಗದೆ, ಸಂಜೆ ಹೊಸದಾಗಿ ಪುಡಿ ಮಾಡಿಸಿ ಅದನ್ನು ಮತ್ತೆ ತುಂಬಿಟ್ಟರು.

ಗುರುವಾರ ತಿಮ್ಮಮ್ಮ ಜೀಪಿನಿಂದ ಇಳಿದರು. ಕೈಯಲ್ಲೊಂದು ಚೀಲ, ಮುಖಕ್ಕೆ ಸೆರಗು.

"ಅತ್ತೆ, ಎಲ್ಲರಿಗೂ ಒಂದೇ ಕಾನೂನು," ಎಂದು ಅಳಿಯ ಪೈಪು ಚಾಚಿದರು.

ತಿಮ್ಮಮ್ಮ ಒಂದು ಸಲ ಮೂಸಿದರು. "ಒಲೆ ಕೆರೆದ ಮಸಿ."

"ಸರಿಯಾಗಿ ಮೂಸಿ ಅತ್ತೆ."

ಇನ್ನೊಂದು ಸಲ ಮೂಸಿದರು. "ಮಸಿ ಮಾರಾಯ್ರೆ. ಸ್ವಲ್ಪ ಹಳೇ ಗೋಣಿಚೀಲದ ವಾಸ್ನೆನೂ ಉಂಟು."

"ಕಾಫಿ ಅಂತ ಅನ್ನಿಸಲ್ವಾ?"

"ಕಾಫಿಯಾ? ದೇವ್ರಾಣೆ ಇಲ್ಲ."

ಪರಮೇಶ್ವರಪ್ಪನವರ ಮನಸ್ಸು ಹಿಗ್ಗಿದ್ದನ್ನು ಮುಖದ ಮಾಸ್ಕು ಮುಚ್ಚಿತು. ಕೆಮ್ಮಿಲ್ಲ, ಜ್ವರವಿಲ್ಲ, ಗುಂಡುಕಲ್ಲಿನ ಹಾಗಿದ್ದ ಅತ್ತೆಯನ್ನು ಬಹಳ ವಿಷಾದದಿಂದ ಗೋಡೌನಿಗೆ ಕಳಿಸಿದರು. ರುಕ್ಮಿಣಮ್ಮ ಕೂಗಾಡಿದರು, ಪ್ಲಾಸ್ಟರ್ ಕೈ ಎತ್ತಿ ತೋರಿಸಿದರು, ಕೊನೆಗೆ ಅತ್ತರು. "ನಂಗೆ ಅಮ್ಮ ಬೇಕು ಅಂತ ಕರೆಸಿದ್ದು, ಗೋಡೌನಿಗೆ ಕಾವಲು ಇಡೋಕಲ್ಲ!"

"ಬೋರ್ಡು ಓದು," ಎಂದರು ಗಂಡ. "ಯಾರೇ ಆಗಿರಲಿ."

ಅತ್ತೆಯ ಊಟಕ್ಕೂ ಆವಿಷ್ಕಾರ ತಯಾರಿತ್ತು. ಅಡುಗೆಮನೆಯ ಕಿಟಕಿಯಿಂದ ಕೆಳಗಿನ ಗೋಡೌನಿನ ಕಿಟಕಿಗೆ ಇಳಿಜಾರಾಗಿ ಆರಿಂಚಿನ ಪಿವಿಸಿ ಪೈಪು, ಹೆಸರು 'ದೂರಸೇವಾ ನಳಿಕೆ'. ಮೊದಲ ಬೆಳಿಗ್ಗೆ ಅದರಲ್ಲಿ ಎರಡು ಉಂಡೆ ಕಡುಬು ಹೋದವು. ಉರುಳಿದ ರಭಸಕ್ಕೆ ಒಂದು ತಟ್ಟೆಗೆ ಬಿತ್ತು, ಇನ್ನೊಂದು ತಟ್ಟೆ ದಾಟಿ ಬಾಗಿಲವರೆಗೆ ಹೋಯಿತು. "ಅಳಿಯಂದಿರು ಕಡುಬಲ್ಲಿ ಹೊಡೀತಿದ್ದಾರೆ ಕಣೇ!" ಎಂಬ ಕೂಗು ಪೈಪಿನಲ್ಲಿ ಮೇಲೆ ಬಂತು.

ಅತ್ತೆಯನ್ನು ಕೂಡಿಹಾಕಿದ ಮೇಲೆ ಕಾಯಿ ತುರಿಯುವ ಕೆಲಸ ತಮ್ಮ ತಲೆಗೇ ಬರುತ್ತದೆಂಬುದು ವಿಜ್ಞಾನಿಗಳಿಗೆ ಹೊಳೆದಿರಲಿಲ್ಲ. ಮೂರು ದಿನ ತುರಿದರು, ರುಬ್ಬಿದರು, ಬೆರಳು ಸುಟ್ಟುಕೊಂಡರು. ಸಮಾಧಾನವಿದ್ದದ್ದು ಒಂದೇ: ಯಂತ್ರದ ಫೋಟೋಗೆ ಬೆಳೆಗಾರರ ವಾಟ್ಸಾಪ್ ಗುಂಪಿನಲ್ಲಿ ಬಿದ್ದ ನಲವತ್ತು ಹೆಬ್ಬೆರಳು. ಭಾನುವಾರ ಹತ್ತು ಗಂಟೆಗೆ ವಿಡಿಯೋದಲ್ಲಿ ಪ್ರಾತ್ಯಕ್ಷಿಕೆ ತೋರಿಸಿ ಎಂದು ಬೇಡಿಕೆಯೂ ಬಂತು. ಸಾಹುಕಾರರು ಗಡ್ಡ ಬೋಳಿಸಿ, ಮದುವೆಮನೆಯ ಶರ್ಟು ಹಾಕಿಕೊಂಡರು.

ಅದೇ ಬೆಳಿಗ್ಗೆ ರುಕ್ಮಿಣಮ್ಮ ಗೋಡೌನಿನ ಕಿಟಕಿಯ ಹತ್ತಿರ ಹೋಗಿ ತಾಯಿಯ ಚೀಲದಿಂದ ಒಂದು ಪೊಟ್ಟಣ ಇಸಿದುಕೊಂಡು ಬಂದದ್ದನ್ನು ಯಾರೂ ಗಮನಿಸಲಿಲ್ಲ. ಎಡಗೈಯಲ್ಲೇ ಡಬ್ಬಿ ಖಾಲಿ ಮಾಡಿ, ತೊಳೆದು ಒರೆಸಿ, ತುಂಬಿಟ್ಟರು.

ಲಿಂಗಪ್ಪ ಮೊಬೈಲು ಹಿಡಿದ. ಗುಂಪಿನವರ ಸಣ್ಣ ಸಣ್ಣ ಮುಖಗಳು ಪರದೆಯ ಮೇಲೆ ಬಂದವು. "ಮೊಟ್ಟಮೊದಲು ಆವಿಷ್ಕಾರಕನೇ ಪರೀಕ್ಷೆಗೆ ಒಳಗಾಗಬೇಕು," ಎಂದು ಪರಮೇಶ್ವರಪ್ಪನವರು ಕಣ್ಣು ಮುಚ್ಚಿ ಪೈಪಿಗೆ ಮೂಗು ಹಚ್ಚಿದರು.

ಹುಬ್ಬು ಗಂಟಿಕ್ಕಿತು. ಮತ್ತೆ ಮೂಸಿದರು.

"ಎಂತದೋ... ಬೆಲ್ಲದ ಥರ. ಹೂವಿನ ಥರ. ಏಯ್, ಯಾರು ಡಬ್ಬಿಗೆ ಏನೋ ಹಾಕಿದ್ದು?"

"ಸರಿಯಾಗಿ ಮೂಸಿ ಕಣ್ರೀ," ಎಂದರು ರುಕ್ಮಿಣಮ್ಮ, ಮೆತ್ತಗೆ.

"ಸರಿಯಾಗೇ ಮೂಸಿದೀನಿ ಕಣೆ! ಐವತ್ತೆಂಟು ವರ್ಷ ಕುಡಿದವ್ನಿಗೆ ಗೊತ್ತಾಗಲ್ವಾ? ಇದು ಕಾಫಿನೇ ಅಲ್ಲ!"

ರುಕ್ಮಿಣಮ್ಮ ಸಿದ್ದಮ್ಮನನ್ನು ಕರೆದರು. ಸಿದ್ದಮ್ಮ ಅಭ್ಯಾಸಬಲದಿಂದ ದೂರದಲ್ಲೇ "ಕಾಫಿ" ಎಂದು ಒದರಿ, ಆಮೇಲೆ ಮೂಸಿದಳು. ಕಣ್ಣರಳಿಸಿದಳು. "ಅಯ್ಯೋ ಅಮ್ಮಾವ್ರೆ, ಇವತ್ತು ಹೌದಾಗ್ಲೂ ಕಾಫಿ!"

ಲಿಂಗಪ್ಪನೂ ಮೂಸಿದ. ಸಾಹುಕಾರರ ಮುಖ ನೋಡಿದ, ಅಮ್ಮಾವ್ರ ಮುಖ ನೋಡಿದ, ಮೊಬೈಲಿನ ಮುಖಗಳನ್ನೂ ನೋಡಿದ. "ಕಾಫಿನೇ ಸರ್," ಎಂದು ತಲೆ ತಗ್ಗಿಸಿದ.

"ಅಂಗಡಿ ಪುಡಿ ಇರ್ಬೇಕು!" ಪರಮೇಶ್ವರಪ್ಪನವರ ದನಿ ಏರಿತು. "ಯಾವ್ದೋ ಕಂಡೋರ ತೋಟದ್ದು! ಅದನ್ನ ನಾನು ಹೆಂಗೆ ಗುರುತಿಸ್ಲಿ?"

"ನಿಮ್ಮ ತೋಟದ್ದೇ ಕಣ್ರೀ," ಎಂದರು ರುಕ್ಮಿಣಮ್ಮ. "ಹೋದ ಡಿಸೆಂಬರಲ್ಲಿ ಅಮ್ಮಂಗೆ ಒಂದು ಚೀಲ ಹಣ್ಣು ಕೊಟ್ಟು ಕಳಿಸಿದ್ದೆ. ತೇಲಿದ್ದಲ್ಲ, ಮುಳುಗಿದ್ದು. ಅಮ್ಮ ಒಣಗಿಸಿ, ಹದವಾಗಿ ಹುರಿದು ತಂದಿದ್ದಾಳೆ."

ಮೊಬೈಲಿನೊಳಗಿಂದ ಯಾರೋ ಗೊಳ್ಳೆಂದು ನಕ್ಕರು. ಒಬ್ಬರು ನಕ್ಕ ಮೇಲೆ ಇಡೀ ಗುಂಪೇ ನಕ್ಕಿತು. (ಅಷ್ಟೂ ಜನ ಮನೆಯಲ್ಲಿ ಕುಡಿಯುತ್ತಿದ್ದದ್ದು ತೇಲಿದ್ದೇ. ಆ ಮಾತು ಬೇರೆ.) "ಬೋರ್ಡು ಓದಿ ಪರಮೇಶಣ್ಣ!" ಎಂದು ಒಬ್ಬ ಕೂಗಿದ. ಬೋರ್ಡಿನಲ್ಲಿ ಕೆಂಪು ಅಕ್ಷರ ಎದ್ದು ಕಾಣುತ್ತಿತ್ತು.

ಹನ್ನೊಂದು ಗಂಟೆಯೊಳಗೆ ತಿಮ್ಮಮ್ಮ ಗೋಡೌನಿನಿಂದ ಹೊರಗೆ ಬಂದು, ಸ್ನಾನ ಮಾಡಿ, ಮಗಳ ತಲೆ ಬಾಚಿ, ಒಲೆಯ ಮುಂದೆ ನಿಂತಿದ್ದರು. ಪರಮೇಶ್ವರಪ್ಪನವರು ಮದುವೆಮನೆಯ ಶರ್ಟಿನಲ್ಲೇ ಗೋಡೌನಿನ ಒಳಗೆ ಹೋಗಿ, ಖಾಲಿ ಗೋಣಿಚೀಲಗಳ ರಾಶಿಯ ಮೇಲೆ ಕೂತರು. ಸುತ್ತಲೂ ಅವರಿಗೆ ಚೆನ್ನಾಗಿ ಗೊತ್ತಿದ್ದ ವಾಸನೆಯೇ ಇತ್ತು.

ಮಾರನೇ ಬೆಳಿಗ್ಗೆ ಅಡುಗೆಮನೆ ಕಡೆಯಿಂದ ಗಾಳಿ ಬೀಸಿತು. ಬೆಲ್ಲದಂಥ, ಹೂವಿನಂಥ ಆ ಘಮ. ಅತ್ತೆ, ಮಗಳು, ಸಿದ್ದಮ್ಮ ಮೂವರೂ ಹಿತ್ತಿಲಲ್ಲಿ ಲೋಟ ಹಿಡಿದು ನಗುತ್ತಿರುವುದು ಕಿಟಕಿಯಿಂದ ಕಂಡಿತು. ಸಾಹುಕಾರರಿಗೆ ಬಾಯಲ್ಲಿ ನೀರೂರಿತು. ಹದಿನೆಂಟು ಎಕರೆ ಬೆಳೆದರೂ ಒಂದು ಲೋಟ ಒಳ್ಳೆಯ ಕಾಫಿ ಕುಡಿದಿಲ್ಲವಲ್ಲ ಎಂದು ಮೊದಲ ಬಾರಿಗೆ ಹೊಟ್ಟೆ ಉರಿಯಿತು.

ಪೈಪಿನಲ್ಲಿ ಗಡಗಡ ಸದ್ದಾಯಿತು. ಕಡುಬೊಂದು ಬಂದು ಎದೆಗೆ ಬಡಿಯಿತು. ಹಿಂದೆಯೇ ಸಣ್ಣ ಫ್ಲಾಸ್ಕು ಬಂತು. ಪರಮೇಶ್ವರಪ್ಪನವರು ಆಸೆಯಿಂದ ಮುಚ್ಚಳ ತಿರುಗಿಸಿ ಮೂಸಿದರು. ಒಲೆ ಕೆರೆದ ಮಸಿ, ಸ್ವಲ್ಪ ಹಳೇ ಗೋಣಿಚೀಲ.

"ರುಕ್ಮಿಣೀ! ಯಾವ ಪುಡಿ ಹಾಕಿದ್ದೀಯೇ?" ಎಂದು ಪೈಪಿಗೆ ಬಾಯಿಟ್ಟು ಕೂಗಿದರು.

ಮೇಲಿನಿಂದ ಹೆಂಡತಿಯ ದನಿ ಉರುಳಿಕೊಂಡು ಬಂತು: "ನಿಮಗೆ ಗುರುತು ಸಿಗೋದನ್ನೇ ಹಾಕಿದೀನಿ ಕಣ್ರೀ!"